ನೀರುನಾಯಿಗೆ ಎದೆಪಟ್ಟಿ

ನಮ್ಮ ಊರಿನಲ್ಲಿ ಪ್ರಾಣಿಯ ಮೈಗೆ ಏನನ್ನಾದರೂ ಕಟ್ಟಿದವರು ಅದನ್ನು ತಾವೂ ಕಟ್ಟಿಕೊಂಡಿರಬೇಕು. ಹಸುವಿಗೆ ಗಂಟೆ ಕಟ್ಟಿದವರ ಕೊರಳಲ್ಲೂ ಗಂಟೆ ಇರುತ್ತದೆ. ಹಾಗಾಗಿ ನಮ್ಮಲ್ಲಿ ಹಸು ಸಾಕಿದವರು ಯಾರೂ ಕಳ್ಳತನಕ್ಕೆ ಹೋಗುವುದಿಲ್ಲ; ಮದುವೆಮನೆಯಲ್ಲಿ ಸದ್ದಿಲ್ಲದೆ ಎರಡನೇ ಪಂಕ್ತಿಗೆ ಕೂರುವುದೂ ಅವರಿಂದ ಆಗುವುದಿಲ್ಲ. ಮೂಗುದಾರ ಹಾಕುವುದನ್ನು ಮುತ್ತಜ್ಜಂದಿರ ಕಾಲದಲ್ಲೇ ಬಿಟ್ಟರಂತೆ. ಇಲ್ಲಿನ ಎತ್ತುಗಳನ್ನು ಮಾತಾಡಿಸಿಯೇ ಗಾಡಿಗೆ ಹೂಡಬೇಕು, ಅವು ಒಪ್ಪದ ದಿನ ಗಾಡಿ ನಿಂತಲ್ಲೇ ನಿಲ್ಲುತ್ತದೆ. ದರ್ಜಿಯವನು "ಕೊರಳಿಗೆ ಏನಾರ ಐತೇನ್ರಿ?" ಎಂದು ಕೇಳಿದ ಮೇಲೆಯೇ ಅಂಗಿಯ ಅಳತೆ ತೆಗೆಯುತ್ತಾನೆ. ಹೊರಗಿನವರಿಗೆ ಇದು ವಿಚಿತ್ರ. ನಮಗೆ ಹೊರಗಿನವರ ಎತ್ತುಗಳ ಮೂಗು ವಿಚಿತ್ರ.

ಹೊಳೆಯ ದಂಡೆಯ ಮೇಲೆ ಪ್ರಾಣಿಗಳ ಅಧ್ಯಯನ ಕೇಂದ್ರವಿದೆ. ಬಾಗಿಲ ಮೇಲೆ ಬರೆದ ಹೆಸರು ಬಹಳ ಉದ್ದವಾದ್ದರಿಂದ ಜನ ಅದನ್ನು ಪಟ್ಟಿಮನೆ ಎನ್ನುತ್ತಾರೆ. ಪ್ರಾಣಿಗಳು ಎಲ್ಲಿ ಅಲೆಯುತ್ತವೆ, ಹೇಗೆ ಉಸಿರಾಡುತ್ತವೆ, ಯಾವಾಗ ನಿದ್ದೆ ಮಾಡುತ್ತವೆ ಎಂದು ತಿಳಿಯಲು ಅವುಗಳ ಮೈಗೆ ಕಟ್ಟುವ ಯಂತ್ರಗಳು ಅಲ್ಲಿ ತಯಾರಾಗುತ್ತವೆ. ಮಾಡುವವನು ನಾನು, ಗಂಗಾಧರ. ಗಂಗೆಯನ್ನೇ ತಲೆಯ ಮೇಲೆ ಹೊತ್ತ ದೇವರ ಹೆಸರು. ಐವತ್ತೊಂದನೇ ವಯಸ್ಸಿನವರೆಗೂ ನಾನು ಮೊಣಕಾಲಿಗಿಂತ ಆಳದ ನೀರಿಗೆ ಇಳಿದವನಲ್ಲ. ಅಂಬಿಗರ ಮನೆಯ ಅಳಿಯನಾಗಿಯೂ ಇಳಿದಿರಲಿಲ್ಲ.

ಕೇಂದ್ರದ ಪಡಸಾಲೆಯಲ್ಲಿ ಹಳೆಯ ಯಂತ್ರಗಳನ್ನು ಸಾಲಾಗಿ ತೂಗುಹಾಕಿದ್ದೇವೆ. ಬಂದವರಿಗೆ ಅವುಗಳ ಚರಿತ್ರೆ ಹೇಳುವುದೂ ನನ್ನ ಕೆಲಸವೇ. ಮೊದಲನೆಯದು ಮಸಿ ಹಿಡಿಸಿದ ಕಾಗದ ಸುತ್ತಿದ ಹಿತ್ತಾಳೆಯ ಉರುಳೆ. ಅದನ್ನು ಕತ್ತೆಯ ಬೆನ್ನಿಗೆ ಕಟ್ಟುತ್ತಿದ್ದರು. ಎದೆಗೆ ಸುತ್ತಿದ ರಬ್ಬರು ಕೊಳವೆ ಹಿಗ್ಗಿ ಕುಗ್ಗಿದಂತೆ ಮುಳ್ಳೊಂದು ಅಲುಗಿ, ಮಸಿಯ ಮೇಲೆ ಉಸಿರಿನ ಗೆರೆ ಮೂಡುತ್ತಿತ್ತು. ಉರುಳೆಯ ಭಾರ ಕತ್ತೆಯ ಭಾರದ ಐದನೇ ಒಂದು ಪಾಲು. ಪ್ರಾಣಿಯ ತೂಕದಲ್ಲಿ ಯಂತ್ರ ಎಷ್ಟನೇ ಪಾಲೋ, ಕಟ್ಟಿದವರ ತೂಕದಲ್ಲೂ ಅಷ್ಟನೇ ಪಾಲು ಎಂಬುದು ನಮ್ಮ ಲೆಕ್ಕ. ಅದನ್ನು ಮಾಡಿದ ಭೀಮಸೇನ ಮಾಸ್ತರು ಹೆಸರಿಗಷ್ಟೇ ಭೀಮಸೇನ, ನಲವತ್ತೈದು ಕಿಲೋ ಇದ್ದರು. ಒಂಬತ್ತು ಕಿಲೋ ಹಿತ್ತಾಳೆ ಬೆನ್ನಿಗೇರಿಸಿಕೊಂಡು ಆರು ತಿಂಗಳು ಪಾಠ ಹೇಳಿದರು. ಕತ್ತೆ ಆಮೇಲೆ ನೆಟ್ಟಗಾಯಿತು, ಮಾಸ್ತರು ಆಗಲಿಲ್ಲ.

ಎರಡನೆಯದು ಆಡಿನ ಎದೆಬಡಿತವನ್ನು ರೇಡಿಯೋಗೆ ಕಳಿಸುವ ಪೆಟ್ಟಿಗೆ. ಅದನ್ನು ಮಾಡಿದ ಚಂದ್ರವ್ವನವರಿಗೆ ಪ್ರಯೋಗದ ನಡುವೆಯೇ ಮದುವೆ ಕೂಡಿಬಂತು. ಬಿಚ್ಚುವಂತಿರಲಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಪಕ್ಕದ ಬೀದಿಯ ಚಾದಂಗಡಿಯ ರೇಡಿಯೋದಲ್ಲಿ ಅವರ ಎದೆಬಡಿತ ಕೇಳಿಸಿತಂತೆ. ಗಂಡನ ಮುಖ ನೋಡಿದಾಗ ಅದು ಜೋರಾಯಿತೋ ತಣ್ಣಗಾಯಿತೋ ಎಂಬ ಬಗ್ಗೆ ಅಂದು ಚಾ ಕುಡಿದವರಲ್ಲಿ ಈಗಲೂ ಒಮ್ಮತವಿಲ್ಲ. ಆಮೇಲಿನವು ನರಿಯ ಕೊರಳಪಟ್ಟಿ, ಕೊಕ್ಕರೆಯ ಕಾಲುಂಗುರ, ಬಾವಲಿಯ ಬೆನ್ನಿಗೆ ಅಂಟಿಸುವ ಅವರೆಕಾಳಿನಷ್ಟು ಗುಂಡಿ. ಯಂತ್ರಗಳು ಬರಬರುತ್ತ ಇಷ್ಟು ಚಿಕ್ಕವು ಹೇಗಾದವು ಎಂದು ಬಂದವರು ಕೇಳುತ್ತಾರೆ. ವಿಜ್ಞಾನ ಬೆಳೆಯಿತು ಎನ್ನುತ್ತೇನೆ. ನಿಜವೆಂದರೆ ನಮಗೆ ಕತ್ತು ನೋಯುತ್ತಿತ್ತು.

ನನ್ನ ಕತ್ತಂತೂ ಎಲ್ಲರಿಗಿಂತ ಹೆಚ್ಚು ನೋಯುತ್ತಿತ್ತು. ಕೆಲಸಕ್ಕೆ ಸೇರಿದಾಗ ಐವತ್ತೆಂಟು ಕಿಲೋ ಇದ್ದವನು ನೀಲಮ್ಮನನ್ನು ಮದುವೆಯಾದ ಮೇಲೆ ಎಂಬತ್ತೆರಡಕ್ಕೆ ಬಂದೆ. ನರಿಯ ಪಟ್ಟಿ ಹಗುರವಾದಷ್ಟೂ ನಾನು ಭಾರವಾಗಿ, ವಿಜ್ಞಾನದ ಲಾಭವನ್ನೆಲ್ಲ ಊಟದ ತಟ್ಟೆಯಲ್ಲಿ ಕಳೆದೆ. ವರ್ಷಕ್ಕೊಮ್ಮೆ ನಮ್ಮನ್ನು ತೂಗುವ ದಿನಕ್ಕೆ ಮೊದಲು ಎರಡು ದಿನ ಬರೀ ಮಜ್ಜಿಗೆ ಕುಡಿದು, ತಕ್ಕಡಿ ಹತ್ತುವಾಗ ಉಡಿದಾರವನ್ನೂ ಬಿಚ್ಚಿಡುತ್ತಿದ್ದೆ. ಇಂಥ ಸಣ್ಣಪುಟ್ಟ ಮೋಸಗಳಲ್ಲಿ ಪಳಗಿದ್ದರಿಂದಲೇ ಇರಬೇಕು, ದೊಡ್ಡದೊಂದನ್ನೂ ಸಲೀಸಾಗಿ ಮಾಡಿದೆ.

ಆ ವರ್ಷ ಹೊಳೆಯ ಮಡುವಿನಲ್ಲಿ ಮೀನು ಕಡಿಮೆಯಾಯಿತು. ಮೀನುಗಾರರು ನೀರುನಾಯಿಗಳ ಕಡೆ ಬೆರಳು ತೋರಿಸಿದರು. ಬಲೆ ಹರಿಯುವವೂ ಅವೇ, ಮೀನು ಬರಿದು ಮಾಡುವವೂ ಅವೇ. ತಮಟೆ ಬಡಿದು, ಹೊಗೆ ಹಾಕಿ ಮಡುವಿನಿಂದ ಓಡಿಸಿಬಿಡೋಣ ಎಂದರು. ಅವರ ಹಿರಿಯಳು ಹುಲಿಗೆಮ್ಮ, ನೀಲಮ್ಮನ ತಾಯಿ, ಅಂದರೆ ನನ್ನ ಅತ್ತೆ. ಎಪ್ಪತ್ತರ ಹತ್ತಿರವಿದ್ದರೂ ಒಬ್ಬಳೇ ಹರಿಗೋಲು ಹಾಕುತ್ತಾಳೆ. ನಮ್ಮ ಕೇಂದ್ರದ ಮುಖ್ಯಸ್ಥರು ಪಂಪನಗೌಡರು. ಅವರು ಆಕೆಯ ಮನೆಗೇ ಹೋಗಿ ಎರಡು ತಿಂಗಳ ಅವಕಾಶ ಕೇಳಿದರು. ಒಂದು ನೀರುನಾಯಿಗೆ ಯಂತ್ರ ಕಟ್ಟಿ ಬಿಡುತ್ತೇವೆ, ಅದು ಎಲ್ಲಿ ಮುಳುಗುತ್ತದೆ, ಬಲೆಯ ಹತ್ತಿರ ಎಷ್ಟು ಸಲ ಬರುತ್ತದೆ ಎಂದು ಗೊತ್ತಾಗುತ್ತದೆ, ಆಮೇಲೆ ಓಡಿಸುವ ಮಾತು ಎಂದರು. ಹುಲಿಗೆಮ್ಮ ಒಪ್ಪಿದಳು. ಓಡಿಸಿದರೆ ಅವು ಹೋಗುವುದಕ್ಕೆ ಬೇರೆ ಜಾಗವಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಮಡುವಿನಿಂದ ಮೇಲೂ ಕೆಳಗೂ ಹೊಳೆ ಬಂಡೆಗಳ ನಡುವೆ ಬತ್ತಿಹೋಗಿತ್ತು.

ಮೀನು ಇಟ್ಟ ಬೋನಿಗೆ ಒಂದು ಹೆಣ್ಣು ಬಿತ್ತು. ಎಂಟು ಕಿಲೋ. ಹುಲಿಗೆಮ್ಮ ಅದನ್ನು ನೋಡಿದವಳೇ "ಇವಳ ನೋಡ್ರಿ ಕಳ್ಳಿ!" ಎಂದಳು. ಅದಕ್ಕೆ ಅದೇ ಹೆಸರಾಯಿತು. ಕಳ್ಳಿಯನ್ನು ಕೇಂದ್ರದ ಹಿಂದಿನ ಕೊಳದಲ್ಲಿ ಬಿಟ್ಟು ನಾನು ಕೆಲಸ ಶುರು ಮಾಡಿದೆ. ನೀರುನಾಯಿಯ ತಲೆಗಿಂತ ಕತ್ತೇ ದಪ್ಪ, ಕೊರಳಿಗೆ ಏನು ಕಟ್ಟಿದರೂ ಜಾರಿಬಿಡುತ್ತದೆ. ಅದಕ್ಕೆ ಎದೆಯ ಸುತ್ತ ಒಂದು, ಮುಂಗಾಲುಗಳ ಹಿಂದೆ ಒಂದು, ಹೀಗೆ ಎರಡು ಪಟ್ಟಿ ಮಾಡಿ ಬೆನ್ನ ಮೇಲೆ ಸಣ್ಣ ಡಬ್ಬಿ ಕೂರಿಸಿದೆ. ದಪ್ಪ ಕ್ಯಾನ್ವಾಸು, ಒಳಗೆ ತೊಗಲು, ಮೇಲೆ ನೈಲಾನು ಹೊಲಿಗೆ. ಇಬ್ಬರು ಗಂಡಸರು ಎರಡು ಕಡೆಯಿಂದ ಎಳೆದರೂ ಹರಿಯದ ಪಟ್ಟಿ. ಅದರ ಗಟ್ಟಿತನವನ್ನು ನಾನು ಕಂಡಕಂಡವರಿಗೆಲ್ಲ ಎಳೆಸಿ ತೋರಿಸಿದೆ.

ನನ್ನ ಪಾಲಿನದು ಎರಡೂವರೆ ಕಿಲೋ. ನಿಯಮದ ಪ್ರಕಾರ ಪ್ರಾಣಿಗೆ ಕಟ್ಟುವ ಮೊದಲು ಹದಿನೈದು ದಿನ ಅದನ್ನು ನಾನು ಕಟ್ಟಿಕೊಳ್ಳಬೇಕು. ಪ್ರಾಣಿ ಎಲ್ಲಿರುತ್ತದೋ ಅಲ್ಲಿ, ಅದು ಮಾಡುವುದನ್ನು ಮಾಡುತ್ತ. ನರಿಯ ಕಾಲದಲ್ಲಿ ಗುಡ್ಡ ಅಲೆದಿದ್ದೆ, ಕೊಕ್ಕರೆಯ ಕಾಲದಲ್ಲಿ ಒಂಟಿಕಾಲಲ್ಲಿ ನಿಂತಿದ್ದೆ. ಈಗ ಮಡುವಿಗೆ ಇಳಿಯಬೇಕಿತ್ತು. ಮೊದಲ ದಿನ ದಂಡೆಯವರೆಗೆ ಹೋದೆ. ನೀರು ಕಪ್ಪಗಿತ್ತು. ಚಪ್ಪಲಿ ಬಿಟ್ಟೆ, ಮತ್ತೆ ಹಾಕಿಕೊಂಡೆ, ಮನೆಗೆ ಬಂದೆ. ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿಯಿತ್ತು, ಸೊಂಟದವರೆಗಿನ ನೀರು. ಪಟ್ಟಿ ಕಟ್ಟಿಕೊಂಡು ಅದರಲ್ಲಿ ಕೂತು, ಬೆನ್ನ ಮೇಲೆ ಚೊಂಬಿನಿಂದ ನೀರು ಸುರಿದುಕೊಂಡೆ. ಕೇಂದ್ರದ ವಹಿಯಲ್ಲಿ "ದಿನ ಒಂದು. ನೀರಿನಲ್ಲಿ ಎರಡು ತಾಸು. ಯಾವ ತೊಂದರೆಯೂ ಇಲ್ಲ" ಎಂದು ಬರೆದೆ. ನೀರು ನೀರೇ ತಾನೆ? ಹದಿನೈದು ದಿನ ಹೀಗೆ ಬರೆದೆ. ಹನ್ನೆರಡನೇ ದಿನದ ಹತ್ತಿರ "ಮುಳುಗು ಸುಲಭ" ಎಂದೂ ಸೇರಿಸಿದೆ. ಸುಳ್ಳಿಗೆ ಕಳೆ ಬರಲಿ ಎಂದಿರಬೇಕು.

ಕಳ್ಳಿಯನ್ನು ಬಿಡುವ ಹಿಂದಿನ ದಿನ ಬೆಳಿಗ್ಗೆ ನೀಲಮ್ಮ ನನಗೆ ಊಟದ ಡಬ್ಬಿ ತಂದಳು. ಮೇಜಿನ ಮೇಲೆ ವಹಿ ತೆರೆದಿತ್ತು. ಅವಳು ನಿಂತಲ್ಲೇ ಓದಿದಳು.

"ರೀ, ನೀವು ಯಾವಾಗ ಮಡುವಿಗೆ ಇಳಿದ್ರಿ?"

"ಇಳಿದೀನಲ್ಲ."

"ಎಲ್ಲಿ ಇಳಿದ್ರಿ? ನಮ್ಮವ್ವ ದಿನಾ ಅಲ್ಲೇ ಇರ್ತಾಳ. ಅಳಿಯಂದ್ರು ನೀರಿಗೆ ಬಂದ್ರ ಊರೆಲ್ಲ ಡಂಗುರ ಹೊಡಸ್ತಿದ್ಲು."

ನಾನು ಡಬ್ಬಿಯ ಮುಚ್ಚಳ ತೆಗೆದು ಪಲ್ಯದ ವಾಸನೆ ನೋಡಿದೆ. ಆಮೇಲೆ, "ತೊಟ್ಟಿ ನೀರಾಗ" ಎಂದೆ.

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ಮಡುವಿನ ತಳದಾಗ ಏನೈತಿ ಅಂತ ಗೊತ್ತೈತೇನು ನಿಮಗ? ಜಾಲಿಗಿಡ. ಹಳೇ ಜಾಲಿ ತೋಪು ಪೂರಾ ಮುಳುಗೇತಿ. ಕಳ್ಳಿ ಮೀನು ಹಿಡಿಯಾಕ ಆ ಕೊಂಬಿಯೊಳಗ ನುಗ್ತಾಳ" ಎಂದಳು. ಗೂಟದಲ್ಲಿ ತೂಗುಹಾಕಿದ್ದ ನನ್ನ ಪಟ್ಟಿಯನ್ನು ತೆಗೆದುಕೊಂಡು ಹೊರಟೇಬಿಟ್ಟಳು. ನಾನು ಹಿಂದೆ ಓಡಿದೆ.

ದಂಡೆಯ ಮೇಲೆ ಸೀರೆಯನ್ನು ಕಚ್ಚೆ ಹಾಕಿ, ಪಟ್ಟಿಯನ್ನು ತನ್ನ ಮೈಗೆ ಬಿಗಿದುಕೊಂಡಳು. ಸೊಂಟದಲ್ಲಿ ಮೀನು ಕೊಯ್ಯುವ ಚೂರಿ ಇತ್ತು. ಹೊಳೆಯ ಕಡೆ ಬರುವಾಗ ಅವರ ಮನೆಯವರೆಲ್ಲ ಇಟ್ಟುಕೊಳ್ಳುತ್ತಾರೆ. "ಬ್ಯಾಡ ನೀಲಾ" ಎಂದೆ. "ನೀವು ಬರೆದ್ರಿ, ನಾ ಓದಿದೆ. ಒಬ್ಬರಾರ ನೋಡ್ಬೇಕಲ್ಲ" ಎಂದು ಮುಳುಗಿದಳು.

ಮೊದಲ ಸಲ ಮೇಲೆ ಬಂದು ಉಸಿರು ತೆಗೆದುಕೊಂಡಳು. ಎರಡನೇ ಸಲವೂ ಬಂದಳು. ಮೂರನೇ ಸಲ ಬರಲಿಲ್ಲ. ನಾನು ಎಣಿಸುತ್ತಿದ್ದೆ. ಅರವತ್ತಾದ ಮೇಲೆ ನೀರಿನ ಮೇಲೆ ಗುಳ್ಳೆಗಳು ಕಂಡವು. ಎಪ್ಪತ್ತಾದಾಗ ಗುಳ್ಳೆಗಳೂ ನಿಂತವು. ಅವಳ ಹೆಸರು ಕೂಗಿದೆ. ಆಮೇಲೆ ಏನು ಯೋಚಿಸಿದೆನೋ ತಿಳಿಯದು, ಬಹುಶಃ ಏನೂ ಯೋಚಿಸಿರಲಿಕ್ಕಿಲ್ಲ. ಹಾರಿದೆ.

ಹೆಂಡತಿಯನ್ನು ಉಳಿಸಲು ನೀರಿಗೆ ಹಾರಿದ ಗಂಡನ ಕಥೆ ಇಲ್ಲಿಗೆ ನಿಂತಿದ್ದರೆ ನನಗೆ ಎಷ್ಟೋ ಗೌರವ ಉಳಿಯುತ್ತಿತ್ತು. ನಾನು ಕಲ್ಲಿನ ಹಾಗೆ ಕೆಳಗೆ ಹೋದೆ. ಮೂಗಿಗೆ, ಬಾಯಿಗೆ ನೀರು ನುಗ್ಗಿತು. ಕೈಗೆ ಏನೋ ಸಿಕ್ಕಿತು. ಕ್ಯಾನ್ವಾಸು. ನಾನೇ ಹೊಲಿದ ಪಟ್ಟಿ. ಅವಳ ಬೆನ್ನಿನ ಕಡೆ ಅದು ಜಾಲಿಯ ಮೊಂಡುಕೊಂಬೆಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಬೇಕು ಎಂದು ಬುದ್ಧಿಗೆ ಗೊತ್ತಿತ್ತು. ಕೈ ಮಾತ್ರ ಮುಳುಗುವವನ ಕೈಯಾಗಿ ಅದನ್ನೇ ಜೋತುಬಿದ್ದು ಹಿಡಿದುಕೊಂಡಿತು. ಅಂದರೆ ಅವಳನ್ನು ಕೆಳಗೆ ಹಿಡಿದಿದ್ದವು ಎರಡು: ಒಂದು ಜಾಲಿಕೊಂಬೆ, ಇನ್ನೊಂದು ನಾನು. ಅವಳು ಚೂರಿಯಿಂದ ಪಟ್ಟಿ ಕೊಯ್ಯುತ್ತಿದ್ದಳು. ಇಬ್ಬರು ಗಂಡಸರು ಎಳೆದರೂ ಹರಿಯದ ಪಟ್ಟಿ. ನಾನು ಅಡ್ಡ ಬಂದದ್ದರಿಂದ ಅವಳು ನನ್ನ ಕೈಯನ್ನು ಕಚ್ಚಿದಳು. ಬಿಟ್ಟೆ. ಪಟ್ಟಿ ತುಂಡಾಯಿತು. ಮುಂದಿನದು ನನಗೆ ಗೊತ್ತಿಲ್ಲ. ಹುಲಿಗೆಮ್ಮ ಹೇಳುವ ಪ್ರಕಾರ, ತಾನು ಹರಿಗೋಲು ಹಾಕಿಕೊಂಡು ಬರುವಷ್ಟರಲ್ಲಿ ಮಗಳು ಅಳಿಯನ ಕೂದಲು ಹಿಡಿದು ದಂಡೆಗೆ ಎಳೆಯುತ್ತಿದ್ದಳಂತೆ, ಮತ್ತು ಅಳಿಯ ಆಗಲೂ "ಬ್ಯಾಡ, ಬ್ಯಾಡ" ಎನ್ನುತ್ತಿದ್ದನಂತೆ.

ನೀಲಮ್ಮ ಮಣ್ಣಿನ ಮೇಲೆ ಕವುಚಿ ಮಲಗಿ ಬಹಳ ಹೊತ್ತು ಕೆಮ್ಮಿದಳು. ತುಟಿ ನೀಲಿಯಾಗಿತ್ತು, ಪಟ್ಟಿ ಬಿಗಿದಿದ್ದಲ್ಲಿ ಕಂಕುಳ ಕೆಳಗೆ ರಕ್ತ ಜಿನುಗುತ್ತಿತ್ತು. ಅವಳ ಬೆನ್ನು ಮುಟ್ಟಲು ಹೋದವನು ಕೈ ಹಿಂದಕ್ಕೆ ತೆಗೆದುಕೊಂಡೆ. ಕೆಮ್ಮು ನಿಂತ ಮೇಲೆ ಅವಳು ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದಳು.

"ಕಳ್ಳಿ ಹತ್ರ ಚೂರಿ ಇರಾಂಗಿಲ್ರೀ."

ಒದ್ದೆ ಬಟ್ಟೆಯಲ್ಲೇ ಪಂಪನಗೌಡರ ಕೋಣೆಗೆ ಹೋದೆ. ಅವರು ಕಿಟಕಿಯ ಹತ್ತಿರ ನಿಂತು ಮರುದಿನದ ತಯಾರಿಯ ಯಾದಿ ಓದುತ್ತಿದ್ದರು. ನಾಳೆ ಬಿಡುವುದು ಬೇಡ ಎಂದೆ. ಯಾಕೆಂದು ಕೇಳಿದರು. ಹೇಳಿದೆ. ಅವರು ವಹಿಯನ್ನು ತೆರೆದು, ಹದಿನೈದು ದಿನಗಳ ಬರಹವನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಿದರು. "ಮುಳುಗು ಸುಲಭ" ಬಂದಾಗ ನಿಲ್ಲಿಸಿದರು.

"ಇದು ಎಲ್ಲಿ, ಗಂಗಾಧರ?"

"ತೊಟ್ಟಿಯಾಗ, ಸರ."

ಅವರು ಬೈಯಲಿಲ್ಲ. ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕತ್ತು ತೋರಿಸಿದರು. ಕೊರಳ ಸುತ್ತ ಬೆರಳಗಲದ ಕಪ್ಪು ಗಂಟು ಚರ್ಮ. ಮೂವತ್ತು ವರ್ಷದ ಹಿಂದೆ ನರಿಗೆ ಕಟ್ಟಿದ ಮೊದಲ ಪಟ್ಟಿ ಅವರ ಕೊರಳನ್ನು ಹುಣ್ಣು ಮಾಡಿತ್ತು. ಮೊದಲೇ ಹದಿನೈದು ದಿನ ಕಟ್ಟಿಕೊಳ್ಳುವ ನಿಯಮ ಆಗ ಇರಲಿಲ್ಲ; ಒಂಬತ್ತನೇ ದಿನವೇ ನರಿಯದನ್ನು ಬಿಚ್ಚಿಸಿದ್ದರು. "ಆ ನರಿ ಕೊಳ್ಳಾಗ ಇಂಥಾ ಕಲಿ ಬೀಳಲಿಲ್ಲ" ಎಂದರು. "ಮೀನುಗಾರರ ಸಭೆಗೆ ನಲವತ್ತು ದಿನ ಐತಿ. ಹದಿನೈದು ದಿನ ನಿಮಗ ಕೊಡ್ತೀನಿ. ಮಡುವಿನಾಗ. ಮುಳುಗಿದ್ರೂ ಅಲ್ಲೇ ಮುಳುಗ್ರಿ."

ಹೀಗೆ ಐವತ್ತೊಂದನೇ ವಯಸ್ಸಿನಲ್ಲಿ ಎರಡೂವರೆ ಕಿಲೋ ಭಾರ ಹೊತ್ತು ಈಜು ಕಲಿಯಲು ಶುರು ಮಾಡಿದೆ. ಹುಲಿಗೆಮ್ಮ ಹರಿಗೋಲಿನಲ್ಲಿ ಪಕ್ಕದಲ್ಲೇ ಇರುತ್ತಿದ್ದಳು. ನೀಲಮ್ಮ ಹೊಟ್ಟೆಯ ಕೆಳಗೆ ಕೈ ಕೊಟ್ಟು ಹಿಡಿದುಕೊಳ್ಳುತ್ತಿದ್ದಳು. ಊರಿನ ಅರ್ಧ ಜನ ದಂಡೆಯ ಮೇಲೆ ಕೂತು ಸೇಂಗಾ ತಿನ್ನುತ್ತ, ನಾನು ಕುಡಿದ ನೀರನ್ನು ಕೊಡಗಳಲ್ಲಿ ಅಂದಾಜು ಮಾಡುತ್ತಿದ್ದರು. "ಅಳಿಯಂದ್ರೇ, ಹೊಳಿ ಬತ್ತಿಸಬ್ಯಾಡ್ರಿ, ನಮಗೂ ಬೇಕು" ಎಂದು ಅತ್ತೆ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದಳು. ನಾಲ್ಕನೇ ದಿನ ತೇಲಿದೆ. ಏಳನೇ ದಿನ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಜಾಲಿಕೊಂಬೆಗಳ ನಡುವೆ ತಲೆ ಹಾಕಿದೆ. ಕಣ್ಣು ಬಿಟ್ಟು ನೋಡಿದರೆ ಅಡಿಯೆಲ್ಲ ಮುಳ್ಳು, ಕವಲು, ಮೊಂಡು. ನಾನು ನನ್ನ ಮೇಜಿನ ಮುಂದೆ ಕೂತು ಕಳ್ಳಿಯನ್ನು ಕಳಿಸಲಿದ್ದದ್ದು ಇಲ್ಲಿಗೆ.

ಪಟ್ಟಿಯನ್ನು ಹೊಸದಾಗಿ ಮಾಡಿದೆ. ನೈಲಾನು ಕಿತ್ತು, ಎದೆಯ ಹತ್ತಿರದ ಒಂದು ಜೋಡಣೆಯನ್ನು ಬರೀ ಹತ್ತಿದಾರದಿಂದ ಹೊಲಿದೆ. ನೀರಿನಲ್ಲಿ ನೆನೆದು ನೆನೆದು ಕೊಳೆಯುವ ದಾರ. ಅದಕ್ಕೂ ಮೊದಲೇ ಜೋರಾಗಿ ಜಗ್ಗಿದರೆ ಹರಿಯುವ ದಾರ. ಇಪ್ಪತ್ತೇಳು ವರ್ಷ ಗಟ್ಟಿ ವಸ್ತು ಮಾಡಿ ಹೆಸರು ಪಡೆದವನು ಕೈಯಾರೆ ಹರಿಯುವ ವಸ್ತು ಮಾಡುತ್ತ ಕೂತಾಗ, ಹೊಲಿಗೆಯನ್ನು ಇನ್ನೊಂದು ಸುತ್ತು ಬಿಗಿ ಮಾಡಬೇಕೆಂದು ಬೆರಳು ತುರಿಸುತ್ತಿತ್ತು. ಹನ್ನೊಂದನೇ ದಿನ ಕೊಂಬೆಗೆ ಬೇಕೆಂದೇ ಸಿಕ್ಕಿಕೊಂಡೆ. ಒಂದು ಸಲ ಒದ್ದೆ, ಎರಡು ಸಲ ಒದ್ದೆ. ದಾರ ಟಪ್ಪೆಂದಿತು. ಡಬ್ಬಿ ಕೆಳಗುಳಿಯಿತು, ನಾನು ಮೇಲೆ ಬಂದೆ. ದಂಡೆಯ ಮೇಲೆ ಸೇಂಗಾ ತಿನ್ನುತ್ತಿದ್ದವರು ಚಪ್ಪಾಳೆ ಹೊಡೆದರು. ನೀಲಮ್ಮ ಮಾತ್ರ ಹೊಸ ದಾರ ಹೊಲಿದುಕೊಂಡು ಉಳಿದ ನಾಲ್ಕು ದಿನವನ್ನೂ ಮುಗಿಸಿರಿ ಎಂದಳು. ಮುಗಿಸಿದೆ.

ಹದಿನಾರನೇ ದಿನ ಬೆಳಿಗ್ಗೆ ಕಳ್ಳಿಗೆ ಪಟ್ಟಿ ತೊಡಿಸಿ ಬಿಟ್ಟೆವು. ಅದು ದಂಡೆಯ ಮೇಲೆ ಮೈ ಕೊಡವಿ, ಪಟ್ಟಿಯನ್ನು ಹಲ್ಲಿನಿಂದ ಎರಡು ಸಲ ಜಗ್ಗಿ ನೋಡಿ, ನಮ್ಮ ಕಡೆ ತಿರುಗದೆ ನೀರಿಗಿಳಿಯಿತು. ಯಂತ್ರ ಒಂಬತ್ತು ದಿನ ಮಾತಾಡಿತು. ಎಲ್ಲಿ ಮುಳುಗಿತು, ಎಷ್ಟು ಹೊತ್ತು, ಎಷ್ಟು ಆಳ ಎಲ್ಲ ಕಾಗದದ ಮೇಲೆ ಬಂತು. ಹತ್ತನೇ ದಿನ ಸಂಕೇತ ಒಂದೇ ಜಾಗದಿಂದ, ಅಲುಗದೆ ಬರತೊಡಗಿತು.

ನಾನೂ ನೀಲಮ್ಮನೂ ಹರಿಗೋಲಿನಲ್ಲಿ ಹೋದೆವು. ಸಂಕೇತ ಜೋರಾದಲ್ಲಿ ಅವಳು ಇಳಿಯಲು ಎದ್ದಳು. "ನಾ ಇಳೀತೀನಿ" ಎಂದೆ. ಅವಳು ನನ್ನ ಮುಖ ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿ ಬಿಟ್ಟಳು. ಕೆಳಗೆ ಕೈಯಾಡಿಸುವಾಗ ಕೈಗೆ ಮೊದಲು ಕೂದಲು ತಗುಲಿತು. ನನ್ನ ಎದೆ ನಿಂತೇಹೋಯಿತು. ಆ ಹೊತ್ತಿನಲ್ಲಿ ಯಾರಾದರೂ ರೇಡಿಯೋ ಹಚ್ಚಿದ್ದರೆ ಏನೂ ಕೇಳಿಸುತ್ತಿರಲಿಲ್ಲ. ಎಳೆದೆ. ಬಂದದ್ದು ಪಟ್ಟಿ. ಜಾಲಿಯ ಕವಲಿಗೆ ಸುತ್ತಿಕೊಂಡಿತ್ತು, ಹತ್ತಿದಾರ ಹರಿದಿತ್ತು, ಅಂಚಿಗೆ ಒಂದು ಹಿಡಿ ಕಂದು ಕೂದಲು ಅಂಟಿತ್ತು. ಅಷ್ಟೇ. ಮೇಲೆ ಬಂದು ಅದನ್ನು ನೀಲಮ್ಮನ ಕೈಗೆ ಕೊಟ್ಟೆ. ಅವಳು ಹರಿದ ದಾರವನ್ನು ಬೆರಳಿಗೆ ಸುತ್ತಿಕೊಂಡು ಅತ್ತಳು. ನಾನು ಮುಖ ಒದ್ದೆಯಾಗಿದ್ದ ಅನುಕೂಲ ಬಳಸಿಕೊಂಡೆ.

ಮೀನುಗಾರರ ಸಭೆಗೆ ನನ್ನ ಬಳಿ ಇಪ್ಪತ್ತೈದು ದಿನಗಳ ಬದಲು ಒಂಬತ್ತೇ ದಿನಗಳ ಕಾಗದವಿತ್ತು. ಕಳ್ಳಿ ಏಳುನೂರಕ್ಕೂ ಹೆಚ್ಚು ಸಲ ಮುಳುಗಿತ್ತು. ಬಲೆಗಳ ಹತ್ತಿರ ಹದಿಮೂರು ಸಲ. ಉಳಿದದ್ದೆಲ್ಲ ಬಲೆ ಹಾಕಲಾಗದ ಜಾಲಿಯ ನಡುವೆ. ಪಂಪನಗೌಡರು ನನ್ನನ್ನೇ ನಿಲ್ಲಿಸಿದರು. ಹೇಳಿದೆ. ಹುಲಿಗೆಮ್ಮ ಎದ್ದಳು. ಸಭೆಯಲ್ಲಿ ಅವಳು ಅತ್ತೆಯಲ್ಲ.

"ಬಲಿ ಹತ್ರ ಹದಿಮೂರು ಸಲ ಅಂದ್ರ ಕಡಿಮಿ ಅಂತೀರೇನು? ನಮ್ಮ ಬಲಿ ಹರಿಯಾಕ ಒಂದು ಸಲ ಸಾಕು. ಒಂಬತ್ತು ದಿನದ ಮಾತು ಕೇಳಿ ನಾವು ವರ್ಷಗಟ್ಲೆ ಸುಮ್ಮನ ಕೂಡ್ಬೇಕೋ?"

"ಗೊತ್ತಿಲ್ಲ" ಎಂದೆ. "ಮಳೆಗಾಲದಾಗ ಅವು ಎಲ್ಲಿ ಹೋಗ್ತಾವ, ಗೊತ್ತಿಲ್ಲ. ಮೀನು ಯಾಕ ಕಡಿಮಿ ಆತು, ಅದೂ ಗೊತ್ತಿಲ್ಲ. ಹೆಚ್ಚು ದಿನ ಗೊತ್ತಾಗೋ ಹಂಗ ಪಟ್ಟಿ ಮಾಡಿದ್ದೆ, ಹರೀಲಾರದ್ದು. ಅದನ್ನ ಕಟ್ಟಿದ್ರ ನಿಮಗ ಇವತ್ತು ನಲವತ್ತು ದಿನದ ಕಾಗದ ಸಿಗ್ತಿತ್ತು. ಮೂವತ್ತೊಂದು ದಿನ ಅಲುಗದೇ ಇದ್ದದ್ದು." ಆಮೇಲೆ ತೊಟ್ಟಿಯ ವಿಷಯವನ್ನೂ ಹೇಳಿದೆ. ಚೊಂಬಿನ ವಿಷಯವನ್ನೂ. "ಮುಳುಗು ಸುಲಭ" ಎಂದಾಗ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ಮುಗಿಯುವವರೆಗೂ ಹುಲಿಗೆಮ್ಮ ನಗದೆ ನಿಂತಿದ್ದಳು. ಅವಳ ಮಗಳ ಕಂಕುಳ ಗಾಯ ಇನ್ನೂ ಮಾಗಿರಲಿಲ್ಲ.

ಕೊನೆಗೆ ಎರಡು ತೀರ್ಮಾನಗಳಾದವು. ಒಂದು ವರ್ಷ ನೀರುನಾಯಿಗಳನ್ನು ಓಡಿಸುವುದಿಲ್ಲ, ಬಲೆಗಳನ್ನು ಜಾಲಿಯಿಂದ ಇನ್ನಷ್ಟು ದೂರ ಹಾಕಿ ನೋಡುವುದು. ಅದೇ ಒಂದು ವರ್ಷ ಗಂಗಾಧರ ಯಾವ ಪ್ರಾಣಿಯ ಮೈಗೂ ಏನನ್ನೂ ಕಟ್ಟಕೂಡದು. ಎರಡನೆಯದನ್ನು ಸೂಚಿಸಿದವಳು ಹುಲಿಗೆಮ್ಮ. ಮೊದಲು ಕೈ ಎತ್ತಿದವಳು ನೀಲಮ್ಮ.

ಈಗ ನನ್ನ ಮೈಮೇಲೆ ಏನೂ ಇಲ್ಲ. ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಸಲ ಸಾದಾ ಅಂಗಿ ಹೊಲಿಸಿದೆ. ದರ್ಜಿಗೇ ನಂಬಿಕೆ ಬರಲಿಲ್ಲ. ಹಗಲು ಪಡಸಾಲೆಯಲ್ಲಿ ಬಂದವರಿಗೆ ಚರಿತ್ರೆ ಹೇಳುತ್ತೇನೆ. ಸಂಜೆ ಮಡುವಿಗೆ ಹೋಗುತ್ತೇನೆ. ನಿನ್ನೆ ನಾನೂ ನೀಲಮ್ಮನೂ ನಡು ನೀರಿನವರೆಗೆ ಹೋಗಿದ್ದೆವು. ಬಂಡೆಯ ಆಚೆಯಿಂದ ಐದು ನೀರುನಾಯಿಗಳು ಸಾಲಾಗಿ ಬಂದವು. ಮುಳುಗಿದವು, ಎದ್ದವು, ಅವುಗಳಲ್ಲೊಂದು ಮೀನು ಕಚ್ಚಿ ತಲೆಯೆತ್ತಿ ಜಗಿಯಿತು. ಎಲ್ಲವೂ ಒಂದೇ ಬಣ್ಣ, ಒಂದೇ ಮೈ. ಪಟ್ಟಿ ಉಜ್ಜಿದ ಜಾಗದ ಕೂದಲು ಬೆಳೆದಿರಬೇಕು. ಎಷ್ಟು ದಿಟ್ಟಿಸಿದರೂ ಗುರುತು ಸಿಗಲಿಲ್ಲ.

"ನೀಲಾ, ಅದರಾಗ ನಮ್ಮದು ಯಾವುದು?" ಎಂದೆ.

"ಯಾವುದೂ ನಮ್ಮದಲ್ರೀ" ಎಂದಳು ಅವಳು. "ಸುಮ್ಮನ ಕಾಲು ಬಡೀರಿ, ಮುಳುಗಾಕತ್ತೀರಿ."